ಯೂಟಾದಲ್ಲಿ ಮಕ್ಕಳ ಫೋನಿಗೆ ಫಿಲ್ಟರ್ ತಾನಾಗಿಯೇ ಬರುತ್ತದೆಯೇ?

ಮೈಸೂರಿನಿಂದ ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಗೆ ಬಂದು ಎರಡು ತಿಂಗಳಾಯಿತು, ಹನ್ನೊಂದು ವರ್ಷದ ಮಗನಿಗೆ ಫೋನ್ ಕೊಡಿಸಬೇಕು, ಇಲ್ಲಿ ಕಾನೂನೇ ಅಶ್ಲೀಲ ಸಾಮಗ್ರಿ ತಡೆಯುವ ಫಿಲ್ಟರ್ ಹಾಕಿಸುತ್ತದಂತೆ, ನಾವು ಬೇರೆ ಏನಾದರೂ ಮಾಡಬೇಕೇ ಎಂದು ಕೇಳಿದ್ದೀರಿ. ಮಾಡಲೇಬೇಕು. ಎಲ್ಲಕ್ಕಿಂತ ಮೊದಲು, ಫೋನ್ ಶುರು ಮಾಡುವಾಗ ಅವನ ನಿಜವಾದ ಜನ್ಮದಿನಾಂಕವನ್ನೇ ತುಂಬಿಸಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನನ್ನ ಮಗಳಿಗೆ ಹತ್ತು ತುಂಬಿದಾಗ ಟ್ಯಾಬ್ಲೆಟ್ ತಂದೆವು. ರಾತ್ರಿ ಊಟದ ಹೊತ್ತು, ಅವಳು ಪಕ್ಕದಲ್ಲೇ ಕುಣಿಯುತ್ತಿದ್ದಳು. ಅವಳು ಹುಟ್ಟಿದ ವರ್ಷ ಹಾಕಿದ ಕೂಡಲೇ ಪೋಷಕರ ಖಾತೆ ಕೊಡಿ, ಒಪ್ಪಿಗೆ ಕೊಡಿ ಎಂದು ಒಂದಾದ ಮೇಲೊಂದು ಪರದೆ ಬಂದಿತು. ಬೇಸತ್ತು ಹಿಂದಕ್ಕೆ ಹೋಗಿ ನನ್ನದೇ ವರ್ಷ, 1984, ಹಾಕಿಬಿಟ್ಟೆ. ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು. ಮೂರು ವಾರದ ಮೇಲೆ ಅವಳು ಅಳುಮುಖ ಮಾಡಿಕೊಂಡು ತಂದು ತೋರಿಸಿದ ಚಿತ್ರವನ್ನು ಇಲ್ಲಿ ವರ್ಣಿಸಲಾರೆ. ಆ ಯಂತ್ರದ ಲೆಕ್ಕದಲ್ಲಿ ಅದನ್ನು ನೋಡಿದವಳು ನಲವತ್ತರ ಹೆಂಗಸು.

ಯೂಟಾ 2021ರಲ್ಲಿ ಫೋನ್, ಟ್ಯಾಬ್ಲೆಟ್‌ಗಳಲ್ಲಿ ಫಿಲ್ಟರ್ ಮೊದಲೇ ಚಾಲೂ ಇರಬೇಕೆಂದು ಕಾನೂನು ಮಾಡಿತು. ಆದರೆ ಇನ್ನೂ ಐದು ರಾಜ್ಯಗಳು ಅಂಥದ್ದೇ ಕಾನೂನು ತಂದರೆ ಮಾತ್ರ ಜಾರಿ ಎಂಬ ಷರತ್ತಿದ್ದುದರಿಂದ ಅದು ಕಾಗದದಲ್ಲೇ ಉಳಿಯಿತು. 2024ರಲ್ಲಿ ಇನ್ನೊಂದನ್ನು ತಂದರು. ಅದರ ಪ್ರಕಾರ ಫೋನ್ ಶುರುವಾಗುವಾಗಲೇ ಬಳಸುವವರ ವಯಸ್ಸು ತಿಳಿದುಕೊಂಡು, ಅಪ್ರಾಪ್ತರಾದರೆ ಫಿಲ್ಟರ್ ಹಾಕಬೇಕು. ತೆಗೆಯಲು ಪಾಸ್‌ವರ್ಡ್ ಬೇಕು. ಆ ವಯಸ್ಸನ್ನು ಹೇಳುವವರು ನೀವೇ.

ಜಾಲತಾಣಗಳೇ ವಯಸ್ಸು ಪರೀಕ್ಷಿಸಬೇಕೆಂಬ ಕಾನೂನುಗಳು ಬೇರೆ ಇವೆ. ಲೂಯಿಸಿಯಾನಾದಲ್ಲಿ 2023ರ ಜನವರಿ 1ರಂದು ಜಾರಿಗೆ ಬಂತು. ಯೂಟಾ, ಟೆಕ್ಸಸ್ ಅದೇ ವರ್ಷ ಹಿಂಬಾಲಿಸಿದವು. ಟೆಕ್ಸಸ್ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 2025ರ ಜೂನ್ 27ರಂದು 6–3 ಬಹುಮತದಿಂದ ಎತ್ತಿಹಿಡಿಯಿತು. ನನಗೆ ಆ ತೀರ್ಪು ಸರಿಯೆನಿಸಿತು. ಆದರೆ ಈ ಕಾನೂನುಗಳು ಅನ್ವಯವಾಗುವುದು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಶ್ಲೀಲ ಸಾಮಗ್ರಿ ಇರುವ ತಾಣಗಳಿಗೆ ಮಾತ್ರ. ನನ್ನ ಮಗಳಿಗೆ ಆ ಚಿತ್ರ ಬಂದಿದ್ದು ತರಗತಿಯ ಗೆಳತಿಯರ ಗುಂಪಿನ ಸಂದೇಶದಲ್ಲಿ. ಅಲ್ಲಿಗೆ ಈ ಕಾನೂನಿನ ಕೈ ಚಾಚುವುದೇ ಇಲ್ಲ. ಸಾಧನದೊಳಗಿನ ಏರ್ಪಾಡು ಮಾತ್ರ ತಡೆಯಬಹುದಿತ್ತು: ಆಪಲ್ ಸಾಧನಗಳಲ್ಲಿ 13ಕ್ಕಿಂತ ಚಿಕ್ಕವರ ಖಾತೆಯಾದರೆ, ಮೆಸೇಜಸ್‌ನಲ್ಲಿ ಬರುವ ನಗ್ನ ಚಿತ್ರಗಳು ಈಗ ತಾವಾಗಿಯೇ ಮಸುಕಾಗುತ್ತವೆ.

ಊರಿನಿಂದ ತಂದ ನಿಮ್ಮ ಹಳೆಯ ಫೋನನ್ನೇ ಅವನಿಗೆ ಕೊಡುವುದಾದರೆ, ಹಾಗೆಯೇ ಕೈಗಿಡಬೇಡಿ. ಪೂರ್ತಿ ಅಳಿಸಿ ಅವನ ಹೆಸರಿನಲ್ಲಿ ಖಾತೆ ತೆರೆಯಿರಿ. ಶನಿವಾರ ಬೆಳಿಗ್ಗೆ ಬಿಡುವಾಗಿ ಕುಳಿತು ಮಾಡಿ, ಅವನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಏನಾದರೂ ಕಂಡು ಹೆದರಿದರೆ ಬೈಯುವುದಿಲ್ಲ, ಸೀದಾ ಬಂದು ತೋರಿಸು ಎಂದು ಆಗಲೇ ಹೇಳಿಬಿಡಿ. ನನ್ನ ಮಗಳು ಅವತ್ತು ಬಂದು ತೋರಿಸಿದ್ದರಿಂದಲೇ ನನಗೆ ವಿಷಯ ಗೊತ್ತಾಯಿತು.