ಟರ್ಬೊ ಪೈಪಿನ ಒಳಗಿನ ತುಕ್ಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಕಾರಿನಲ್ಲಿ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಚಾರ್ಜರ್‌ಗೆ ಮತ್ತು ಅಲ್ಲಿಂದ ಎಂಜಿನ್ನಿಗೆ ಗಾಳಿ ಒಯ್ಯುವ ಉಕ್ಕಿನ ಪೈಪುಗಳನ್ನು ಕಳಚಿ ಬಹಳ ಕಾಲ ಹಾಗೆಯೇ ಇಟ್ಟಿದ್ದೆ. ಈಗ ಮರಳಿ ಜೋಡಿಸಲು ತೆಗೆದರೆ ಹೊರಗಿನ ಬಣ್ಣ ಚೆನ್ನಾಗಿದೆ, ಒಳಗೆಲ್ಲ ತುಕ್ಕು ಹಿಡಿದಿದೆ. ಬೆರಳಾಡಿಸಿದರೆ ಕಂದು ಪುಡಿ ಅಂಟುತ್ತದೆ. ಪೈಪು ಎರಡು ಕಡೆ ಬಾಗಿರುವುದರಿಂದ ಬ್ರಷ್ ಪೂರ್ತಿ ಒಳಗೆ ಹೋಗುವುದಿಲ್ಲ. ಎಂಜಿನ್ ಓಡತೊಡಗಿದರೆ ಗಾಳಿಯ ರಭಸಕ್ಕೆ ತುಕ್ಕು ತಾನಾಗಿಯೇ ಹೋಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಇದು ನಿಜವೇ? ಇಲ್ಲದಿದ್ದರೆ ಸ್ವಚ್ಛಗೊಳಿಸುವುದು ಹೇಗೆ?

ಉತ್ತರ: ತುಕ್ಕು ಹೋಗುವುದು ನಿಜ, ಆದರೆ ಅದು ಹೋಗುವುದು ಎಂಜಿನ್ನಿನ ಒಳಕ್ಕೆ. ಏರ್ ಫಿಲ್ಟರ್ ಈ ಪೈಪುಗಳಿಗಿಂತ ಮೊದಲೇ ಇರುವುದರಿಂದ, ಪೈಪಿನ ಒಳಗಿನಿಂದ ಉದುರಿದ ಕಸವನ್ನು ತಡೆಯಲು ಮುಂದೆ ಯಾವ ಜಾಲರಿಯೂ ಇಲ್ಲ. ಫಿಲ್ಟರ್ ಮತ್ತು ಟರ್ಬೊ ನಡುವಿನ ಪೈಪಿನಿಂದ ಚಕ್ಕೆ ಎದ್ದರೆ ಅದು ನೇರವಾಗಿ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲ ಕಂಪ್ರೆಸರ್ ಚಕ್ರಕ್ಕೆ ಬಡಿಯುತ್ತದೆ. ಸಾಮಾನ್ಯವಾಗಿ ಅಲ್ಯೂಮಿನಿಯಂನಿಂದ ಮಾಡಿದ ಆ ಚಕ್ರದ ತೆಳುವಾದ ರೆಕ್ಕೆಗಳು ಅಂಥ ಏಟನ್ನು ತಾಳಲಾರವು. ಟರ್ಬೊ ದಾಟಿದ ಮೇಲಿನ ಪೈಪಿನದಾದರೆ ಪುಡಿಯ ಒಂದಿಷ್ಟು ಭಾಗ ಬಿಸಿಗಾಳಿಯನ್ನು ತಂಪುಮಾಡುವ ಇಂಟರ್‌ಕೂಲರಿನಲ್ಲಿ ಸಿಕ್ಕಿಕೊಳ್ಳಬಹುದು, ಉಳಿದದ್ದು ಸಿಲಿಂಡರಿಗೆ ಸೇರುತ್ತದೆ. ಕಬ್ಬಿಣದ ಆಕ್ಸೈಡಿನ ನಯವಾದ ಪುಡಿಯನ್ನು ಲೋಹಕ್ಕೂ ಗಾಜಿಗೂ ಹೊಳಪು ಕೊಡಲು ಬಳಸುತ್ತಾರೆ ಎಂಬುದನ್ನು ನೆನೆದರೆ, ಅದೇ ಪುಡಿ ಎಣ್ಣೆಯೊಡನೆ ಸೇರಿ ಪಿಸ್ಟನ್ ರಿಂಗುಗಳ ನಡುವೆ ಏನು ಮಾಡೀತೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಪೈಪಿನ ಒಳಮೈ ಹೊಳೆಯಬೇಕೆಂಬ ಹಟ ಬೇಡ. ಅದರಿಂದ ಏನೂ ಉದುರಬಾರದು ಎಂಬುದೊಂದೇ ನಿಮ್ಮ ಗುರಿಯಾಗಿರಲಿ.

ಮೊದಲು ರಬ್ಬರ್ ಹೋಸ್, ಕ್ಲಾಂಪ್, ಸೆನ್ಸರ್ ಎಲ್ಲವನ್ನೂ ಬಿಚ್ಚಿ ಬರಿಯ ಉಕ್ಕಿನ ಪೈಪನ್ನು ಮಾತ್ರ ಉಳಿಸಿಕೊಳ್ಳಿ. ಮುಂದೆ ಹೇಳುವ ದ್ರಾವಣವನ್ನು ಅಲ್ಯೂಮಿನಿಯಂ ಇಂಟರ್‌ಕೂಲರಿಗೆ ಎಂದೂ ಸುರಿಯಬಾರದು. ಆಮ್ಲವು ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ. ಎಂಜಿನ್ನಿನ ಒಳಗಿನ ಆವಿಯನ್ನು ಹೊರಬಿಡುವ ಬ್ರೀದರ್ ನಳಿಕೆಯ ಮೂಲಕ ಬಂದ ಎಣ್ಣೆಯ ಜಿಡ್ಡು ಪೈಪಿನಲ್ಲಿ ಇದ್ದೇ ಇರುತ್ತದೆ. ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸಾಬೂನಿನಿಂದ ಅದನ್ನು ಪೂರ್ತಿ ತೆಗೆಯದಿದ್ದರೆ ಆಮ್ಲಕ್ಕೆ ತುಕ್ಕು ಸಿಗುವುದೇ ಇಲ್ಲ. ತೊಳೆದ ಮೇಲೆ ಒಳಗೆ ನೀರು ಹನಿಹನಿಯಾಗಿ ನಿಲ್ಲದೆ ತೆಳ್ಳಗೆ ಹರಡಿಕೊಂಡರೆ ಜಿಡ್ಡು ಹೋಗಿದೆ ಎಂದು ತಿಳಿಯಬಹುದು.

ಇನ್ನು ಸಡಿಲವಾದ ತುಕ್ಕು. ಕೆಲವರು ಒಂದು ಹಿಡಿ ನಟ್ಟುಗಳನ್ನೋ ಜಲ್ಲಿಯನ್ನೋ ಪೈಪಿನೊಳಗೆ ಹಾಕಿ, ಎರಡೂ ಬಾಯಿ ಮುಚ್ಚಿ ಕುಲುಕುತ್ತಾರೆ. ಕೆಲಸವೇನೋ ಆಗುತ್ತದೆ, ಆದರೆ ಬಾಗಿನಲ್ಲಿಯೋ ಬೆಸುಗೆಯ ಅಂಚಿನಲ್ಲಿಯೋ ಒಂದೇ ಒಂದು ಚೂರು ಉಳಿದರೆ ಟರ್ಬೊ ಕಥೆ ಮುಗಿದಂತೆ. ಸಣ್ಣ ಸರಪಳಿಯೊಂದರ ಎರಡು ತುದಿಗೂ ಹಗ್ಗ ಕಟ್ಟಿ, ಪೈಪಿನ ಒಂದು ಬಾಯಿಂದ ಇನ್ನೊಂದಕ್ಕೆ ಹಿಂದೆ ಮುಂದೆ ಎಳೆದಾಡುವುದು ನನಗೆ ಹೆಚ್ಚು ಒಪ್ಪಿಗೆಯಾದ ದಾರಿ. ಅದು ಬಾಗಿನಲ್ಲಿಯೂ ಸಲೀಸಾಗಿ ಹರಿದುಹೋಗುತ್ತದೆ, ಹಿಂದೆ ಏನನ್ನೂ ಬಿಡುವುದಿಲ್ಲ. ಡ್ರಿಲ್ಲಿಗೆ ಸಿಕ್ಕಿಸಿದ ವೈರ್ ಬ್ರಷ್ಷಿನಿಂದ ತಂತಿಗಳು ಕಿತ್ತು ಬರುತ್ತವೆ, ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿದರೆ ಮರಳಿನ ಕಣಗಳು ಬೆಸುಗೆಯ ಸಂದಿಯಲ್ಲಿ ಕೂರುತ್ತವೆ. ಇವೆರಡನ್ನೂ ಈ ಪೈಪುಗಳ ಮಟ್ಟಿಗೆ ನಾನು ಸೂಚಿಸುವುದಿಲ್ಲ.

ಅಂಟಿಕೊಂಡ ತುಕ್ಕಿಗೆ ಸಿಟ್ರಿಕ್ ಆಮ್ಲ, ಅಂದರೆ ನಿಂಬೆ ಉಪ್ಪು, ಸಾಕು. ಒಂದು ಲೀಟರ್ ಬೆಚ್ಚಗಿನ ನೀರಿಗೆ ಸುಮಾರು 100 ಗ್ರಾಂ ಕರಗಿಸಿ, ಪೈಪಿನ ಕೆಳಬಾಯಿಗೆ ರಬ್ಬರ್ ಬಿರಡೆ ಹಾಕಿ, ಬಾಗಿನಲ್ಲಿ ಗಾಳಿ ಉಳಿಯದ ಹಾಗೆ ಓರೆ ಮಾಡುತ್ತ ತುಂಬಿರಿ. ಆಮ್ಲವು ಉಕ್ಕನ್ನು ತಾಕಿದಾಗ ಹೈಡ್ರೋಜನ್ ಗುಳ್ಳೆಗಳು ಏಳುವುದರಿಂದ ಮೇಲ್ಬಾಯನ್ನು ಮುಚ್ಚಬಾರದು, ಹತ್ತಿರ ಬೆಂಕಿ ಇರಬಾರದು. ಕೈಗೆ ಗವಸು, ಕಣ್ಣಿಗೆ ಕನ್ನಡಕ ಇರಲಿ. ಹಗುರವಾದ ತುಕ್ಕು ಕೆಲವು ಗಂಟೆಗಳಲ್ಲಿ ಬಿಡುತ್ತದೆ, ದಪ್ಪಗೆ ಕಟ್ಟಿದ್ದರೆ ಒಂದು ರಾತ್ರಿ ಬೇಕಾದೀತು. ಆಗಾಗ ನೋಡುತ್ತಿರಿ, ದಿನಗಟ್ಟಲೆ ಬಿಡಬೇಡಿ, ಏಕೆಂದರೆ ತುಕ್ಕು ಮುಗಿದ ಮೇಲೆ ಆಮ್ಲವು ಒಳ್ಳೆಯ ಉಕ್ಕನ್ನೇ ತಿನ್ನತೊಡಗುತ್ತದೆ. ಕೊನೆಗೆ ಉಳಿಯುವ ಕಪ್ಪು ಪೊರೆ ಬಟ್ಟೆ ಎಳೆದರೆ ಬಿಟ್ಟುಬರುತ್ತದೆ. ವಿನೆಗರ್ ಕೂಡ ಇದೇ ಕೆಲಸವನ್ನು ನಿಧಾನವಾಗಿ ಮಾಡುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಬೇಗ ಕೆಲಸ ಮಾಡುತ್ತದೆಂಬ ಆಸೆಗೆ ಬೀಳಬೇಡಿ: ಅದರ ಹಬೆ ಉಸಿರಿಗೆ ಅಪಾಯ, ಸುತ್ತಲಿನ ಸಲಕರಣೆಗಳಿಗೂ ತುಕ್ಕು ತರಿಸುತ್ತದೆ, ಸಂದಿಯಲ್ಲಿ ಉಳಿದ ಅದರ ಶೇಷ ತುಕ್ಕನ್ನು ಮತ್ತೆ ಕರೆತರುತ್ತದೆ.

ಹೆಚ್ಚಿನವರ ಶ್ರಮ ವ್ಯರ್ಥವಾಗುವುದು ಇಲ್ಲಿಂದ ಮುಂದೆ. ಆಮ್ಲದಿಂದ ಹೊರಬಂದ ಬರಿಯ ಉಕ್ಕು ಒದ್ದೆಯಾಗಿದ್ದರೆ ನೋಡನೋಡುತ್ತಿದ್ದಂತೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಅಡುಗೆ ಸೋಡಾ ಬೆರೆಸಿದ ನೀರಿನಿಂದ ಆಮ್ಲದ ಅಂಶವನ್ನು ಕಳೆದು, ಕೂಡಲೇ ಕೈಗೆ ತಾಳದಷ್ಟು ಬಿಸಿಯಾದ ನೀರನ್ನು ಹಾಯಿಸಿ. ಪೈಪೇ ಬಿಸಿಯಾದರೆ ಅರ್ಧ ನೀರು ತಾನೇ ಆರುತ್ತದೆ, ಉಳಿದದ್ದಕ್ಕೆ ಬಿಸಿಗಾಳಿಯ ಬ್ಲೋವರ್ ಹಿಡಿಯಿರಿ. ಪೈಪು ಇನ್ನೂ ಬೆಚ್ಚಗಿರುವಾಗಲೇ ಎಂಜಿನ್ ಆಯಿಲ್‌ನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ದಾರ ಕಟ್ಟಿ ಒಳಗಿನಿಂದ ಎಳೆಯಿರಿ. ಬಳಿಕ ಒಣಬಟ್ಟೆ ಎಳೆದು ಹೆಚ್ಚಾದದ್ದನ್ನು ಒರೆಸಿ. ಉಳಿಯಬೇಕಾದದ್ದು ತೆಳುವಾದ ಪೊರೆ ಮಾತ್ರ. ಎಣ್ಣೆ ಹೆಚ್ಚಾದರೆ ಸೆನ್ಸರುಗಳು ಕೊಳೆಯಾಗುತ್ತವೆ, ಹೊಗೆ ಬರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿಯಂತೂ ಗಾಳಿಯ ದಾರಿಯಲ್ಲಿ ಎಣ್ಣೆ ನಿಂತರೆ ಅದೇ ಇಂಧನವಾಗಿ ಉರಿದು ಎಂಜಿನ್ ಹಿಡಿತ ತಪ್ಪಿ ಓಡುವ ಅಪಾಯವೂ ಉಂಟು. ಜೋಡಿಸುವ ಮುನ್ನ ಬಿಳಿ ಬಟ್ಟೆಯೊಂದನ್ನು ಎಳೆದು ನೋಡಿ. ಅದರ ಮೇಲೆ ಕಣವೋ ಪುಡಿಯೋ ಕಂಡರೆ ಪೈಪು ಇನ್ನೂ ಸಿದ್ಧವಾಗಿಲ್ಲ. ಲೋಹದಲ್ಲೇ ಉಳಿದ ಕಂದು ಕಲೆಗೆ ಚಿಂತಿಸಬೇಕಾಗಿಲ್ಲ.

ಪ್ರಶ್ನೆ: ಬ್ಯಾಟರಿ ಚಾರ್ಜರ್ ಮತ್ತು ವಾಷಿಂಗ್ ಸೋಡಾ ಬಳಸಿ ವಿದ್ಯುತ್ತಿನಿಂದ ತುಕ್ಕು ತೆಗೆಯುವ ವಿಧಾನ ಇದಕ್ಕೆ ಆದೀತೇ?

ಉತ್ತರ: ನೇರವಾದ ಪೈಪಿಗೆ ಆಗುತ್ತದೆ, ಒಳ್ಳೆಯ ಉಕ್ಕನ್ನು ಸವೆಸುವುದಿಲ್ಲ ಎಂಬ ಗುಣವೂ ಅದಕ್ಕಿದೆ. ಆದರೆ ವಿದ್ಯುತ್ತು ಎದುರಿಗೆ ಕಾಣುವ ಮೈಯನ್ನಷ್ಟೇ ಚೆನ್ನಾಗಿ ಶುಚಿ ಮಾಡುವುದರಿಂದ ಕಬ್ಬಿಣದ ಸರಳನ್ನು ಪೈಪಿನ ನಟ್ಟನಡುವೆ, ಎಲ್ಲೂ ತಾಕದಂತೆ ನಿಲ್ಲಿಸಬೇಕು. ಬಾಗಿದ ಪೈಪಿನಲ್ಲಿ ಇದು ಬಹಳ ಕಷ್ಟ. ಪೈಪಿಗೆ ಋಣ ತಂತಿ, ಸರಳಿಗೆ ಧನ ತಂತಿ. ಅದಲುಬದಲಾದರೆ ಕರಗುವುದು ಪೈಪು. ಸ್ಟೇನ್‌ಲೆಸ್ ಸ್ಟೀಲ್ ಸರಳನ್ನು ಬಳಸಿದರೆ ವಿಷಕಾರಿ ಕ್ರೋಮಿಯಂ ಸಂಯುಕ್ತಗಳು, ಸೋಡಾ ಬದಲು ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಅನಿಲ ಉಂಟಾಗಬಹುದು. ಇವೆರಡನ್ನೂ ಮಾಡಲೇಬಾರದು.

ಪ್ರಶ್ನೆ: ತುಕ್ಕು ತೆಗೆದ ಮೇಲೆ ಒಳಗೆ ಬಣ್ಣ ಬಳಿಯಬಹುದೇ?

ಉತ್ತರ: ಬೇಡ. ಟರ್ಬೊ ದಾಟಿದ ಗಾಳಿಯ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯ. ಒಳಮೈಯನ್ನು ಸರಿಯಾಗಿ ಉಜ್ಜಿ ಸಿದ್ಧಗೊಳಿಸಲಾಗದ ಕಡೆ ಬಳಿದ ಬಣ್ಣ ಇಂದಲ್ಲ ನಾಳೆ ಹಕ್ಕಳೆ ಏಳುತ್ತದೆ, ಮತ್ತು ಆ ಹಕ್ಕಳೆ ತುಕ್ಕಿನ ಪುಡಿಗಿಂತ ದೊಡ್ಡದು.

ಪ್ರಶ್ನೆ: ಪೈಪು ಉಳಿಸಿಕೊಳ್ಳಲು ಯೋಗ್ಯವೇ ಎಂದು ತಿಳಿಯುವುದು ಹೇಗೆ?

ಉತ್ತರ: ತುಕ್ಕು ತೆಗೆದ ಬಳಿಕ ಟಾರ್ಚ್ ಹಾಕಿ, ಬೆಸುಗೆಯ ಪಕ್ಕ ಮತ್ತು ನೀರು ನಿಲ್ಲುವ ತಗ್ಗುಭಾಗವನ್ನು ಮುಖ್ಯವಾಗಿ ನೋಡಿ. ಅಲ್ಲಿ ಆಳವಾದ ಗುಳಿಗಳಿದ್ದರೆ, ಹೆಬ್ಬೆರಳಿನಿಂದ ಒತ್ತಿದಾಗ ಗೋಡೆ ಬಗ್ಗಿದರೆ, ಅಥವಾ ಹೋಸ್ ಕೂರುವ ತುದಿಯ ಅಂಚು ಸವೆದಿದ್ದರೆ ಹೊಸ ಪೈಪು ಹಾಕಿಸುವುದೇ ಲೇಸು. ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಆದರೆ ಈ ತೊಂದರೆ ಮರುಕಳಿಸುವುದಿಲ್ಲ. ಸಂದೇಹ ಉಳಿದರೆ ಎರಡೂ ಬಾಯಿಯನ್ನು ಭದ್ರವಾಗಿ ಮುಚ್ಚಿಸಿ, ಆ ಎಂಜಿನ್ನಿನ ಬೂಸ್ಟ್ ಒತ್ತಡಕ್ಕಿಂತ (ಟರ್ಬೊ ಗಾಳಿಯನ್ನು ತುಂಬುವ ಒತ್ತಡ) ಹೆಚ್ಚಾಗದಂತೆ ಗಾಳಿ ತುಂಬಿಸಿ, ಮುಚ್ಚಳಗಳ ನೇರಕ್ಕೆ ನಿಲ್ಲದೆ ಪಕ್ಕದಿಂದ ಸಾಬೂನಿನ ನೀರು ಹಚ್ಚಿ ನೋಡಿ. ಗುಳ್ಳೆ ಎದ್ದಲ್ಲಿ ತೂತಿದೆ.