ಚಿತ್ರ ಬಿಡಿಸುವಾಗ ಗೆರೆ ನಡುಗುತ್ತದೆ, ಏನು ಮಾಡಲಿ?

ನಿಮ್ಮ ಕೈಯಲ್ಲಿ ದೋಷವಿಲ್ಲ. ಮಣಿಕಟ್ಟಿನಿಂದ ನಿಧಾನವಾಗಿ, ತುಂಡು ತುಂಡಾಗಿ ಎಳೆದರೆ ಗೆರೆ ನಡುಗುತ್ತದೆ. ಉದ್ದ ಗೆರೆಗೆ ಇಡೀ ತೋಳನ್ನು ಭುಜದಿಂದ ಆಡಿಸಿ.

ಎರಡು ಚುಕ್ಕಿ ಇಡಿ. ಪೆನ್ನು ಕಾಗದಕ್ಕೆ ತಾಗಿಸದೆ ಎರಡು-ಮೂರು ಸಲ ಗಾಳಿಯಲ್ಲೇ ಆಡಿಸಿ, ಆಮೇಲೆ ಒಂದೇ ಸಲಕ್ಕೆ ಎಳೆಯಿರಿ. ಕಣ್ಣು ಪೆನ್ನಿನ ತುದಿಯ ಮೇಲಲ್ಲ, ಮುಟ್ಟಬೇಕಾದ ಚುಕ್ಕಿಯ ಮೇಲಿರಲಿ. ರಂಗೋಲಿ ಹಾಕುವವರನ್ನು ನೋಡಿದ್ದೀರಿ ಅಲ್ವಾ? ಹಾಗೆ. ತಪ್ಪಿದರೆ ಅದರ ಮೇಲೇ ಸುಮ್ನೆ ಗೀಚಬೇಡಿ, ಪಕ್ಕದಲ್ಲಿ ಹೊಸದು ಎಳೆಯಿರಿ. ನನಗೆ ಜಾಸ್ತಿ ಸಹಾಯವಾಗಿದ್ದು ರಬ್ಬರ್ ಬಿಟ್ಟು ಬಾಲ್ ಪೆನ್ ಹಿಡಿದಿದ್ದು.

ಗದಗಿನ ಕಡೆಯವರಾದರೆ ಲಕ್ಕುಂಡಿಗೆ ಹೋಗಿ. ಅಲ್ಲಿನ ಗುಡಿಗಳ ಕಡೆದ ಕಂಬಗಳಲ್ಲಿ ಒಂದರ ಕೆಳಗೊಂದು ಬಳೆಯಂಥ ಸುತ್ತುಗಳಿವೆ. ಬಾಗಿದ ಗೆರೆ ಪಳಗಿಸಲು ಅದಕ್ಕಿಂತ ಒಳ್ಳೆಯ ಮಾದರಿ ನಾನು ಕಂಡಿಲ್ಲ.