ಒಬ್ಬರೇ ಟ್ರೆಕ್ಕಿಂಗ್ ಹೋಗಲು ಹಗುರವಾದ ಟೆಂಟ್ ಹೇಗೆ ಆರಿಸಬೇಕು?

ತೂಕ ಎಷ್ಟು ಅಂತ ಎಲ್ಲರೂ ಮೊದಲು ಕೇಳುತ್ತಾರೆ. ನಾನು ಕೇಳುವುದು, ಗೂಟ ಎಲ್ಲಿ ಹೊಡೆಯುತ್ತೀರಿ ಅಂತ.

ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೆಟ್ಟ ಅಂದರೆ ಬಂಡೆ. ಪಕ್ಕದ ತುಮಕೂರು ಜಿಲ್ಲೆಯ ಮಧುಗಿರಿಯಂತೂ ಏಕಶಿಲೆ. ಟ್ರೆಕ್ಕಿಂಗ್ ಕೋಲಿನ ಆಸರೆಯಲ್ಲಿ ನಿಲ್ಲುವ ಟೆಂಟ್‌ಗಳು ಒಂದು ಕೆಜಿಗೂ ಕಡಿಮೆ ತೂಗುತ್ತವೆ, ನಿಜ. ಆದರೆ ಗೂಟ ಬಿಗಿಯಾಗದಿದ್ದರೆ ಅವು ನಿಲ್ಲುವುದೇ ಇಲ್ಲ. ಅಂತರಗಂಗೆ ಕಡೆ ಒಮ್ಮೆ ಅಂಥದ್ದನ್ನೇ ಹೊತ್ತುಕೊಂಡು ಹೋಗಿ, ಮೂರು ಗೂಟ ಬಗ್ಗಿಸಿ, ಕೊನೆಗೆ ಹಗ್ಗಗಳನ್ನು ಮುಷ್ಟಿಗಾತ್ರದ ಕಲ್ಲುಗಳಿಗೆ ಸುತ್ತಿ, ಮೇಲೆ ದೊಡ್ಡ ಕಲ್ಲು ಹೇರಿ ಮಲಗಿದೆ. ಸ್ವಂತ ಕಂಬಿಗಳ ಮೇಲೆ ತಾನೇ ನಿಲ್ಲುವ ಟೆಂಟ್ ತಗೊಳ್ಳಿ. ಒಂದೂವರೆ ಕೆಜಿ ಆದರೂ ಪರವಾಗಿಲ್ಲ.

ಆಮೇಲೆ ಪದರ. ನಂದಿ ಬೆಟ್ಟದ ಸುತ್ತ ಬೆಳಗಿನ ಜಾವದ ಮಂಜು ಗೊತ್ತಲ್ವಾ? ನಮ್ಮ ಉಸಿರಿನ ತೇವ ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಒಂದೇ ಪದರದ ಟೆಂಟ್‌ನಲ್ಲಿ ಎದ್ದು ಕೂತರೆ ತಲೆಯೆಲ್ಲ ಒದ್ದೆ. ಒಳಗೆ ಸೊಳ್ಳೆಪರದೆಯಂಥ ಬಲೆ, ಹೊರಗೆ ಮಳೆಹೊದಿಕೆ, ಹೀಗೆ ಎರಡು ಪದರ ಇದ್ದರೆ ಆ ಕಾಟ ಕಡಿಮೆ. ಬೇಸಿಗೆಯಲ್ಲಿ ಹೊದಿಕೆ ತೆಗೆದು ಗಾಳಿಗೂ ಮಲಗಬಹುದು.

ಉದ್ದ 210 ಸೆಂ.ಮೀ. ಇರಲಿ. ಅಂಗಡಿಯಲ್ಲೇ ಬಿಡಿಸಿ ಒಳಗೆ ಮಲಗಿ ನೋಡಿ, ನಾಚಿಕೊಳ್ಳಬೇಡಿ. ಮಳೆ ತಡೆಯುವ ಅಳತೆ, ಅಂದರೆ ಬಟ್ಟೆ ಸೋರದೆ ಎಷ್ಟು ಎತ್ತರದ ನೀರಿನ ಒತ್ತಡ ತಡೆಯುತ್ತದೆ ಎನ್ನುವುದು, 1500 ಮಿ.ಮೀ.ಗಿಂತ ಜಾಸ್ತಿ ಇದ್ದರೆ ಸಾಕು. ನಮ್ಮ ಕಲ್ಲುನೆಲಕ್ಕೆ ಅಡಿಹಾಸು ಮಾತ್ರ ಮರೆಯಬೇಡಿ, ದಪ್ಪ ಪ್ಲಾಸ್ಟಿಕ್ ಹಾಳೆಯಾದರೂ ನಡೆಯುತ್ತದೆ.

ಅಂದಹಾಗೆ, ಬೆಟ್ಟದಲ್ಲಿ ರಾತ್ರಿ ಉಳಿಯಲು ಎಲ್ಲ ಕಡೆ ಬಿಡುವುದಿಲ್ಲ. ಟೆಂಟ್ ಕೊಳ್ಳುವ ಮೊದಲೇ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.